ಅರಮನೆ ಪಿಂಗಾಣಿ: ಮೊದಲ ಬಟ್ಟಲು ಕೊಳ್ಳುವ ಮುಂಚೆ

ಕೇಳಿದವರು: ನಾನು ಮೈಸೂರಿನವನು, ಈಗ ಕೆಲಸ ಸಿಂಗಾಪುರದಲ್ಲಿ. ಚೀನಾದ ಅರಮನೆ ಪಿಂಗಾಣಿ ಸಂಗ್ರಹಿಸಬೇಕೆಂದು ಬಹಳ ದಿನದ ಆಸೆ. ಇಲ್ಲೊಂದು ಅಂಗಡಿಯಲ್ಲಿ ನೀಲಿ ಚಿತ್ತಾರದ ಬಟ್ಟಲು ನೋಡಿದೆ. ಬುಡದಲ್ಲಿ ಮಿಂಗ್ ದೊರೆ ಶ್ವಾಂಡೆಯ ಮುದ್ರೆ ಇದೆ. ತಗೊಳ್ಳಲಾ? ಅನುಭವ ಇರುವವರು ಹೇಳಿ.

ಉತ್ತರ 1: ಬರೀ ಮುದ್ರೆ ನಂಬಿ ದುಡ್ಡು ಕೊಡಬೇಡಿ ಸರ್. ಶ್ವಾಂಡೆಯ ಕಾಲ 1426ರಿಂದ 1435. ಆದರೆ ಆ ಹೆಸರನ್ನು ಆಮೇಲಿನವರು ಎಲ್ಲ ಕಾಲದಲ್ಲೂ ಬರೆದಿದ್ದಾರೆ. ಎಲ್ಲವೂ ಮೋಸಕ್ಕೆ ಅಂತಲ್ಲ. 1677ರಲ್ಲಿ, ಅರಮನೆ ಪಿಂಗಾಣಿ ತಯಾರಾಗುತ್ತಿದ್ದ ಜಿಂಗ್‌ಡೆಝೆನ್ ಊರಿನ ಭಾಗದ ಅಧಿಕಾರಿಯೊಬ್ಬ, ಆಗ ಆಳುತ್ತಿದ್ದ ಕಾಂಗ್‌ಶಿ ದೊರೆಯ ಹೆಸರನ್ನು ಪಾತ್ರೆಗಳ ಮೇಲೆ ಬರೆಯಕೂಡದೆಂದು ತಡೆದ. ಹಳೆ ಮಿಂಗ್ ದೊರೆಗಳ ಹೆಸರು ಆಗ ಜಾಸ್ತಿ ಬಂತು. ಹಳಬರ ಕೆಲಸದ ಮೇಲಿನ ಗೌರವವೂ ಅದರಲ್ಲಿತ್ತು. ಅಂಥ ಬಟ್ಟಲು ಸಿಕ್ಕರೆ ನಾನಂತೂ ಖುಷಿಯಿಂದ ಇಟ್ಟುಕೊಳ್ಳುತ್ತೇನೆ, ಆದರೆ ಮಿಂಗ್ ಬೆಲೆ ಕೊಡಲ್ಲ.

ನೀಲಿಯನ್ನು ಭೂತಗನ್ನಡಿ ಹಿಡಿದು ನೋಡಿ. ಶ್ವಾಂಡೆ ಕಾಲದ ನೀಲಿಯಲ್ಲಿ ಕಬ್ಬಿಣದ ಅಂಶ ಜಾಸ್ತಿ. ಬಣ್ಣ ದಪ್ಪಗೆ ಕೂತ ಕಡೆ ಕಪ್ಪು ಚುಕ್ಕೆಗಳು ಮೆರುಗಿನೊಳಗೆ (ಮೇಲಿನ ಗಾಜಿನಂಥ ಪದರದೊಳಗೆ) ಇಳಿದಿರುತ್ತವೆ, ಬಿದ್ದಲ್ಲಿ ಬಿದ್ದಿರುತ್ತವೆ. 18ನೇ ಶತಮಾನದವರು ಇದೇ ನೋಟ ಬರಲೆಂದು ಕುಂಚದಲ್ಲಿ ಚುಕ್ಕೆ ಇಟ್ಟರು. ಅವು ರಂಗೋಲಿ ಚುಕ್ಕಿಯ ಹಾಗೆ ಲೆಕ್ಕವಾಗಿ ಕಾಣುತ್ತವೆ. ಒಮ್ಮೆ ಎರಡನ್ನೂ ಅಕ್ಕಪಕ್ಕ ನೋಡಿದರೆ ಮತ್ತೆ ಮರೆಯಲ್ಲ.

ಉತ್ತರ 2: ಇನ್ನೊಂದು ಮಾತು. ಬಟ್ಟಲು ಬೋರಲು ಹಾಕಿ, ಬುಡದ ಅಂಚಿನ ಮೇಲೆ ಬೆರಳಾಡಿಸಿ. ಅಲ್ಲಿ ಮೆರುಗು ಇರಲ್ಲ, ಮಣ್ಣೇ ಕೈಗೆ ಸಿಗುತ್ತದೆ. ಕಾಂಗ್‌ಶಿ, ಅವನ ಮಗ ಯಾಂಗ್‌ಜೆಂಗ್ ಕಾಲದ ಒಳ್ಳೆ ಅರಮನೆ ಪಾತ್ರೆಗಳಲ್ಲಿ ಅಂಚು ಉರುಟಾಗಿ, ತುಂಬಾ ನುಣುಪಾಗಿರುತ್ತದೆ. ಬಳಸಿ ಬಿದ್ದ ಗೀರು ಎಲ್ಲ ದಿಕ್ಕಿಗೂ ಓಡುತ್ತದೆ. ಹಳೆಯದಾಗಿ ಕಾಣಲೆಂದು ಉಜ್ಜಿದ್ದರೆ ಗೀರೆಲ್ಲ ಒಂದೇ ಕಡೆಗಿರುತ್ತದೆ. ಆಸಿಡ್ ಹಾಕಿದ್ದರೆ ಹೊಳಪು ಸತ್ತಿರುತ್ತದೆ.

ಕಣ್ಣು ಪಳಗಲು ತೈಪೆಯ ಅರಮನೆ ವಸ್ತುಸಂಗ್ರಹಾಲಯಕ್ಕೆ ಹೋಗಿ ಬನ್ನಿ. ಲಂಡನ್ನಿಗೆ ಹೋದರೆ ಬ್ರಿಟಿಷ್ ಮ್ಯೂಸಿಯಂನ 95ನೇ ಕೋಣೆ ಬಿಡಬೇಡಿ. ಆದರೆ ಅಲ್ಲೆಲ್ಲ ಗಾಜು ಅಡ್ಡ. ಮುಟ್ಟಿ ನೋಡಬೇಕಾದರೆ ಹಾಂಗ್‌ಕಾಂಗ್‌ನ ದೊಡ್ಡ ಹರಾಜುಗಳ ಮುಂಚಿನ ಪ್ರದರ್ಶನಕ್ಕೆ ಹೋಗಿ. ಕೊಳ್ಳದಿದ್ದರೂ ಬಿಡುತ್ತಾರೆ, ಕೇಳಿದರೆ ಕೈಗೂ ಕೊಡುತ್ತಾರೆ. ಉಂಗುರ, ವಾಚು ತೆಗೆದಿಟ್ಟು ಎರಡೂ ಕೈಯಲ್ಲಿ ಹಿಡಿಯಿರಿ.

ಉತ್ತರ 3: ಬಜೆಟ್ ಎಷ್ಟು ಅಂತ ನೀವು ಹೇಳಲಿಲ್ಲ. 2014ರಲ್ಲಿ ಮಿಂಗ್ ದೊರೆ ಚೆಂಗ್‌ಹ್ವಾ ಕಾಲದ, ಕೋಳಿ ಚಿತ್ರದ ಒಂದು ಪುಟ್ಟ ಬಟ್ಟಲು 28 ಕೋಟಿ ಹಾಂಗ್‌ಕಾಂಗ್ ಡಾಲರಿಗೆ ಹೋಯಿತು. ಅಸಲಿ ಶ್ವಾಂಡೆ ಸುಮ್ನೆ ಅಂಗಡಿ ಕಪಾಟಿನಲ್ಲಿ ಕೂತಿರೋದು ಅಪರೂಪ ಅಲ್ವಾ? ಗ್ವಾಂಗ್‌ಶು ದೊರೆಯ ಕಾಲದ (1875–1908) ಅರಮನೆ ಪಾತ್ರೆಗಳಿಂದ ಶುರು ಮಾಡಿ. ಬಿರುಕು ಬಿಟ್ಟದ್ದಾದರೆ ಬೆಲೆ ಬಹಳ ಇಳಿಯುತ್ತದೆ, ಕಲಿಯೋದಕ್ಕೆ ಅದೇ ಸಾಕು.

ಕಾಗದಪತ್ರ ಬಿಡಬೇಡಿ. 1911ಕ್ಕಿಂತ ಹಳೆಯದನ್ನು ಚೀನಾದಿಂದ ಹೊರಗೆ ತರಲು ಅಲ್ಲಿನ ನಿಯಮ ಬಿಡಲ್ಲ. ಹಾಗಾಗಿ ಬಟ್ಟಲು ಎಲ್ಲಿಂದ, ಯಾವಾಗ ಬಂತು ಅಂತ ಕೇಳಿ. ‘ಶ್ವಾಂಡೆ ಕಾಲದ್ದು, ಅಲ್ಲವೆಂದಾದರೆ ಹಣ ವಾಪಸ್’ ಎಂದು ರಸೀದಿಯಲ್ಲಿ ಬರೆದುಕೊಡಲು ಹೇಳಿ. ಅಂಗಡಿಯವರು ಒಪ್ಪದಿದ್ದರೆ ಬಿಟ್ಟು ಬನ್ನಿ.