ಅಜ್ಜಿ, ಮೊಮ್ಮಗಳು ಮತ್ತು ‘ಸಿಲ್ಲಿ ಸಿಂಫನಿ’ ಡಿವಿಡಿ

ಲೆಸ್ಟರ್ ಸದಸ್ಯೆ: ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಿಂದ ಬಂದಿರುವ ಅತ್ತೆಯವರಿಗೆ ಇಂಗ್ಲಿಷ್ ಬಾರದು, ಐದು ವರ್ಷದ ಮಗಳ ಕನ್ನಡ ನಾಲ್ಕು ಮಾತಿಗೇ ಮುಗಿಯುತ್ತದೆ. ಮಾತಿಗಿಂತ ಸಂಗೀತವೇ ಹೆಚ್ಚಿರುವ ಡಿಸ್ನಿಯ ‘ಸಿಲ್ಲಿ ಸಿಂಫನಿ’ ಕಿರುಚಿತ್ರಗಳನ್ನಾದರೂ ಇಬ್ಬರೂ ಕೂತು ನೋಡಲಿ ಎಂದು ನ್ಯೂಜೆರ್ಸಿಯ ಅಕ್ಕ 2001ರ ತಗಡಿನ ಡಬ್ಬಿಯ ಡಿವಿಡಿಗಳನ್ನು ಕಳುಹಿಸಿದ್ದಾಳೆ. ನಮ್ಮ ಪ್ಲೇಯರಿನಲ್ಲಿ ಅವು ಓಡುತ್ತಿಲ್ಲ. ಏನು ಮಾಡಬೇಕು? ಯಾವುದನ್ನು ಮೊದಲು ತೋರಿಸಲಿ?

ರೀಡಿಂಗ್ ಸದಸ್ಯ: ಡಿವಿಡಿಗೂ ಪ್ಲೇಯರಿಗೂ ಪ್ರದೇಶವಾರು ‘ರೀಜನ್’ ಸಂಖ್ಯೆ ಇರುತ್ತದೆ, ಎರಡೂ ಹೊಂದದಿದ್ದರೆ ಡಿಸ್ಕು ಓಡದು. ಅಮೆರಿಕದ ಡಿಸ್ಕು ರೀಜನ್ 1, ಬ್ರಿಟನ್ನಿನ ಪ್ಲೇಯರು ರೀಜನ್ 2. ಎಲ್ಲ ರೀಜನ್ನಿನ ಡಿಸ್ಕುಗಳನ್ನೂ ಓಡಿಸುವ ಪ್ಲೇಯರ್ ಕೊಳ್ಳುವುದೇ ಸುಲಭ. ಕಂಪ್ಯೂಟರಿನ ಡ್ರೈವಿನಲ್ಲಿ ರೀಜನ್ ಬದಲಿಸಬಹುದಾದರೂ ಸಾಮಾನ್ಯವಾಗಿ ಐದು ಬಾರಿಗೆ ಮಾತ್ರ ಅವಕಾಶ. ಆಮೇಲೆ ಕೊನೆಯದೇ ಖಾಯಂ.

ಬೋಸ್ಟನ್ ಸದಸ್ಯೆ: ತಂಗಿ, ‘ದಿ ಓಲ್ಡ್ ಮಿಲ್’ನಿಂದ ಆರಂಭಿಸು. 1937ರ ಆಸ್ಕರ್ ಪಡೆದ ಈ ಚಿತ್ರದಲ್ಲಿ ಮಾತೇ ಇಲ್ಲ. ಪಾಳುಬಿದ್ದ ಗಾಳಿಗಿರಣಿಯ ಹಲ್ಲುಚಕ್ರದ ಗುಳಿಯಲ್ಲಿ ಹಕ್ಕಿಯೊಂದು ಗೂಡು ಕಟ್ಟಿರುತ್ತದೆ. ಬಿರುಗಾಳಿಗೆ ಚಕ್ರ ತಿರುಗಿದಾಗ, ಆ ಗುಳಿಗೆ ಸರಿಯಾಗಿ ಬಂದು ಕೂರಬೇಕಿದ್ದ ಹಲ್ಲು ಮುರಿದುಹೋಗಿರುವುದರಿಂದ ತಾಯಿಹಕ್ಕಿ ಉಳಿಯುತ್ತದೆ. ನನ್ನ ಮಗಳು ಅಲ್ಲಿಯ ಕಪ್ಪೆಗಳ ವಟಗುಟ್ಟುವಿಕೆಗೆ ಆದಿತಾಳ ಹಾಕುತ್ತಿದ್ದಳು, ಈಗ ಕಛೇರಿ ಕೊಡುತ್ತಾಳೆ. 1929ರ ‘ದಿ ಸ್ಕೆಲಿಟನ್ ಡ್ಯಾನ್ಸ್’ ಸ್ಮಶಾನದ ಕಥೆ, ಮಗು ಸ್ವಲ್ಪ ದೊಡ್ಡವಳಾಗಲಿ.

ಸಿಡ್ನಿ ಸದಸ್ಯ: ಇವುಗಳಲ್ಲಿ ಒಂದನ್ನೂ ತೋರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. 1933ರ ‘ತ್ರೀ ಲಿಟಲ್ ಪಿಗ್ಸ್’ನಲ್ಲಿ ತೋಳ ಯಹೂದಿ ವ್ಯಾಪಾರಿಯ ವೇಷದಲ್ಲಿ ಬಂದು ಬಾಗಿಲು ತಟ್ಟುತ್ತಿತ್ತು, ಆ ದೃಶ್ಯವನ್ನು 1948ರಲ್ಲಿ ಹೊಸದಾಗಿ ಚಿತ್ರಿಸಬೇಕಾಯಿತು. ಬಣ್ಣಕ್ಕಾಗಿ, ಉಚ್ಚಾರಣೆಗಾಗಿ ಶಾಲೆಯಲ್ಲಿ ಹಂಗಿಸಿಕೊಳ್ಳುವ ನಮ್ಮ ಮಕ್ಕಳಿಗೆ ಅಂಥ ಪರಂಪರೆಯ ಚಿತ್ರಗಳು ಏಕೆ ಬೇಕು? ಅಜ್ಜಿ ಹಾಡು ಹೇಳಿಕೊಡಲಿ, ಕಥೆ ಹೇಳಲಿ.

ಬೋಸ್ಟನ್ ಸದಸ್ಯೆ: ಒಂದು ವೇಷಕ್ಕಾಗಿ ಎಪ್ಪತ್ತೈದು ಚಿತ್ರಗಳನ್ನೂ ಕಸಕ್ಕೆ ಹಾಕಬೇಕೇ? ಮೂರು ಬಣ್ಣದ ಟೆಕ್ನಿಕಲರ್ ಎಂಬ ವರ್ಣಚಿತ್ರ ತಂತ್ರ ಜಗತ್ತಿಗೆ ಪರಿಚಯವಾದದ್ದೇ ಈ ಸರಣಿಯ 1932ರ ‘ಫ್ಲವರ್ಸ್ ಅಂಡ್ ಟ್ರೀಸ್’ನಿಂದ.

ಸಿಡ್ನಿ ಸದಸ್ಯ: ಬಣ್ಣ ಯಾವಾಗ ಬಂತು ಎಂಬುದಲ್ಲ ಮೇಡಂ, ಮಗು ಯಾರನ್ನು ನೋಡಿ ನಗಲು ಕಲಿಯುತ್ತದೆ ಎಂಬುದು ಪ್ರಶ್ನೆ.

ದುಬೈ ಸದಸ್ಯೆ: ಸಿಡ್ನಿಯವರು ಹೇಳುವುದು ಸರಿ. ನನ್ನ ಮಕ್ಕಳು ಊರಿನ ಅಜ್ಜಿಯೊಡನೆ ಫೋನಿನಲ್ಲಿ “ಊಟ ಆಯ್ತಾ” ಎಂಬುದರಾಚೆಗೆ ಮಾತನಾಡಲಾರರು. ಮನೆಯಲ್ಲಿ ಕನ್ನಡವೊಂದೇ ಎಂಬ ನಿಯಮವನ್ನು ಈಗಲೇ ಮಾಡಿ.

ಲೆಸ್ಟರ್ ಸದಸ್ಯೆ: ಎಲ್ಲರಿಗೂ ಧನ್ಯವಾದ. ನಮ್ಮ ಲ್ಯಾಪ್‌ಟಾಪಿನ ಡ್ರೈವಿನಲ್ಲಿ ಇನ್ನೊಂದೇ ಬದಲಾವಣೆ ಉಳಿದಿದೆ ಎಂದು ತೋರಿಸುತ್ತಿದೆ. ಅದನ್ನು ರೀಜನ್ 1ಕ್ಕೆ ಬದಲಿಸಿದರೆ ಇಲ್ಲಿ ಕೊಂಡ ಡಿಸ್ಕುಗಳು ಮುಂದೆ ಅದರಲ್ಲಿ ಓಡುವುದೇ ಇಲ್ಲವೇ? ರೀಡಿಂಗ್‌ನವರು ದಯವಿಟ್ಟು ತಿಳಿಸಬೇಕು.