ಅಪ್‌ಡೇಟ್: ಮಗನನ್ನು ಕಾಡಂಚಿಗೆ ಕಳುಹಿಸಿದೆ

ಶಾಲೆ ಬಿಟ್ಟು ಕೋಣೆ ಸೇರಿದ್ದ 16ರ ಮಗ, ಕಾಡಂಚಿನಲ್ಲಿರುವ ನಿವೃತ್ತ ಅರಣ್ಯ ರಕ್ಷಕರೊಬ್ಬರ ಬಳಿ ಇರುತ್ತೇನೆಂದು ಹಟ ಹಿಡಿದಿದ್ದಾನೆ, ಕಳುಹಿಸಲೇ ಎಂದು ಕೇಳಿದ್ದೆ. ಕಳುಹಿಸಿದೆ. ಮೊದಲು ನಾನೇ ಎರಡು ದಿನ ಅಲ್ಲಿದ್ದು ನೋಡಿ ಬಂದೆ. ಆಪ್ತಸಮಾಲೋಚಕಿಯ ಭೇಟಿ ತಪ್ಪಿಸಬಾರದೆಂಬ ಷರತ್ತನ್ನೂ ಹಾಕಿದೆ. ಮೊದಲ ವಾರ ಅವನು ಬಾಯಿಬಿಡಲಿಲ್ಲವಂತೆ, ಆ ಅರಣ್ಯ ರಕ್ಷಕರೂ ಕೆದಕಲಿಲ್ಲ. ಆ ತಾಳ್ಮೆ ನನಗಿರಲಿಲ್ಲ.

ಮೊನ್ನೆ ಹೋದಾಗ ಕೈಹಿಡಿದೆಳೆದು ಕೆಸರಿನಲ್ಲಿ ಮೂಡಿದ್ದ ಹೆಜ್ಜೆಗುರುತಿನ ಮುಂದೆ ಕೂರಿಸಿದ. “ಅಮ್ಮಾ, ಉಗುರಿನ ಗುರುತಿಲ್ಲ ನೋಡು. ಚಿರತೆ ನಡೆಯುವಾಗ ಉಗುರನ್ನು ಒಳಗೆಳೆದುಕೊಳ್ಳುತ್ತದೆ. ನಾಯಿಯದಾಗಿದ್ದರೆ ಗೀರು ಕಾಣುತ್ತಿತ್ತು.” ಎಂಟು ತಿಂಗಳಲ್ಲಿ ಅವನು ನನ್ನೊಡನೆ ಆಡಿದ ಅತಿ ಉದ್ದದ ಮಾತು ಅದು. ಶಾಲೆಯ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ರಾತ್ರಿ ನಿದ್ದೆ ಬರುತ್ತಿದೆಯಂತೆ.