ಸಹಾಯ ಬೇಕು: ನಾಟಕ ತರಗತಿಯಲ್ಲಿ ಸುಮ್ನೆ ಕೂರುವ ಮಕ್ಕಳಿಗೆ ಏನು ಮಾಡಲಿ?

ನಮಸ್ಕಾರ. ಹೈಸ್ಕೂಲ್ ಮಕ್ಕಳಿಗೆ ನಾಟಕ ಹೇಳಿಕೊಡುತ್ತೇನೆ. ಈಗ ಫೋರಂ ಥಿಯೇಟರ್ ಶುರು ಮಾಡಿದ್ದೇವೆ. ಬ್ರೆಜಿಲ್‌ನ ರಂಗಕರ್ಮಿ ಅಗಸ್ಟೊ ಬೋಲ್ 1970ರ ದಶಕದಲ್ಲಿ ರೂಪಿಸಿದ ಪದ್ಧತಿ. ಅನ್ಯಾಯದಲ್ಲಿ ಮುಗಿಯುವ ಪುಟ್ಟ ದೃಶ್ಯವನ್ನು ಒಮ್ಮೆ ಆಡುತ್ತಾರೆ. ಮತ್ತೆ ಆಡುವಾಗ ನೋಡುಗರಲ್ಲಿ ಯಾರಾದರೂ "ನಿಲ್ಲಿ" ಎಂದು ಕೂಗಿ, ಸೋತ ಪಾತ್ರದ ಜಾಗಕ್ಕೆ ಬಂದು ಬೇರೆ ದಾರಿ ಹುಡುಕಬೇಕು.

ತೊಂದರೆ ಇರೋದೇ ಇಲ್ಲಿ. ಯಾವಾಗಲೂ ಅದೇ ಮಾತುಗಾರರು ಕೂಗುತ್ತಾರೆ. ಹಿಂದೆ ಕೂತ ಹುಡುಗಿಯೊಬ್ಬಳು ನೋಟ್‌ಬುಕ್ಕಿನ ಅಂಚಿನಲ್ಲಿ ಬೇರೆಯದೇ ಕೊನೆಯನ್ನು ಪೆನ್ಸಿಲ್‌ನಲ್ಲಿ ಬಿಡಿಸಿದ್ದಳು: ಬೈಸಿಕೊಳ್ಳುವವಳ ಪಕ್ಕ ಇಬ್ಬರು ಗೆಳತಿಯರು ಬಂದು ನಿಂತಿದ್ದಾರೆ. ಆಡಿದವರಿಗಿಂತ ಅವಳ ಉಪಾಯವೇ ಜಾಸ್ತಿ ಚೆನ್ನಾಗಿತ್ತು! ಎದ್ದು ಬಾ ಅಂದರೆ ತಲೆ ಅಲ್ಲಾಡಿಸಿದಳು. ಒತ್ತಾಯ ಮಾಡೋಕೆ ನನಗೆ ಮನಸ್ಸಿಲ್ಲ.

ಮೊದಲು ಚಿತ್ರ ಬರೆಸಿ, ಆಮೇಲೆ ಮಾತಿಲ್ಲದೆ ಅದೇ ಭಂಗಿಯಲ್ಲಿ ನಿಲ್ಲಿಸಿ ನೋಡಿದವರು ಇದ್ದೀರಾ? ಗುಂಪಿನಲ್ಲಿ ಎಷ್ಟು ಜನ ಇದ್ದರೆ ಒಳ್ಳೆಯದು? ದಯವಿಟ್ಟು ತಿಳಿಸಿ.